ಎದಿ ಮ್ಯಾಲಿನ ಹೆಸರು

ಹೋದ ಸಲ ಊರಿಗೆ ಹೋದಾಗ ಕಾಕಾನ ಮಗ ಒಂದು ಸುದ್ದಿ ಹಿಡಿದುಕೊಂಡು ಬಂದ. ನಮ್ಮೂರು ಮನೋಳಿ. ಸರಕಾರಿ ಕಾಗದದಲ್ಲಿ ಮುನವಳ್ಳಿ, ಸವದತ್ತಿ ತಾಲೂಕು. ಬಾಯಲ್ಲಿ ಮಾತ್ರ ಮನೋಳಿನೇ. ಊರಿನ ಹುಡುಗರು ಟೆನಿಸ್ ಬಾಲ್ ಟೂರ್ನಿಗೆ ಹೊಂಟಿದ್ದರು. ಹದಿನೈದು ಅಂಗಿ ಬೇಕಾಗಿದ್ದವು.

"ಅಣ್ಣಾ, ರೊಕ್ಕದ ಚಿಂತಿ ಇಲ್ಲ. ಒಬ್ಬಾಂವ ಪುಕ್ಕಟ ಕೊಡಸ್ತೀನಿ ಅಂದಾನ. ಎದಿ ಮ್ಯಾಲ ಅವನ ಆಪ್ ಹೆಸರು ಹಾಕ್ಕೋಬೇಕಂತ, ಅಷ್ಟ."

ಐದು ನಿಮಿಷದಾಗ ಸಾಲ ಕೊಡುವ ಆಪ್ ಅದು. "ಅಂಥಾದ್ದರ ಹೆಸರು ಹಾಕ್ಕೊಂಡು ಆಡಬ್ಯಾಡ್ರೋ" ಅಂದೆ. ಅವನು ನನ್ನನ್ನೇ ನೋಡಿದ. ನಾನು ಹಾಕಿಕೊಂಡಿದ್ದು ಆಫೀಸಿನ ಟೀಶರ್ಟ್. "ಹಂಗಾರ ನಿನ್ನ ಅಂಗಿ ಮ್ಯಾಲ ಬರದದ್ದು ಯಾರ ಹೆಸರೋ ಅಣ್ಣಾ?"

ಉತ್ತರ ಹೊಳೆಯಲಿಲ್ಲ. ಬೆಂಗಳೂರಿಗೆ ವಾಪಸ್ ಬರುವಾಗ ರಾತ್ರಿ ಬಸ್ಸಿನಲ್ಲಿ ನಿದ್ದೆನೂ ಬರಲಿಲ್ಲ. ಆಡುವವರ ಅಂಗಿ ಮೇಲೆ ಈ ಹೆಸರುಗಳು ಯಾವಾಗ ಬಂದು ಕೂತವು ಅಂತ ಯೋಚಿಸುತ್ತ ಕೂತೆ.

1969ರಲ್ಲಿ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೇದರಲ್ಲಿ 137. ಅವರ ಬಿಳಿ ಅಂಗಿ ಮೇಲೆ ಹೆಸರಿಲ್ಲ, ನಂಬರಿಲ್ಲ, ಜಾಹೀರಾತಿಲ್ಲ. ರೇಡಿಯೋಕ್ಕೆ ಕಿವಿ ಹಚ್ಚಿ ಕೂತವರಿಗೆ ಅಂಗಿ ಕಾಣುತ್ತಲೂ ಇರಲಿಲ್ಲ. ಬೆನ್ನ ಮೇಲೆ ಹೆಸರು ಬೇಕಾಗಿದ್ದು ಟಿವಿ ನೋಡುವವರಿಗೆ.

ಇದು ಬರೀ ಕ್ರಿಕೆಟ್ಟಿನ ಕತೆ ಅಲ್ಲ. ಅಮೆರಿಕನ್ ಫುಟ್‌ಬಾಲ್ ನೋಡಿ. ಅರವತ್ತರ ದಶಕದ ಫೋಟೋಗಳಲ್ಲಿ ದಪ್ಪ ಹೆಣಿಗೆಯ ಅಂಗಿ, ಉದ್ದ ತೋಳು, ಕೆಲವರ ಹೆಲ್ಮೆಟ್ಟಿಗೆ ಮುಖದ ಮುಂದೆ ಒಂದೇ ಒಂದು ಕಂಬಿ. ಈಗ ಮೈಗೆ ಅಂಟಿದ ಬಟ್ಟೆ, ಮುಖದ ತುಂಬ ಜಾಳಿಗೆ. 1960ರಲ್ಲಿ ಶುರುವಾದ ಎಎಫ್‌ಎಲ್ ಅನ್ನೋ ಹೊಸ ಲೀಗು ಟಿವಿ ಪ್ರೇಕ್ಷಕರನ್ನು ಹಿಡಿಯಬೇಕಿತ್ತು. ಅದು ಆಟಗಾರರ ಬೆನ್ನ ಮೇಲೆ ಹೆಸರು ಬರೆಸಿತು. ಎರಡೂ ಲೀಗು ಒಂದಾದ ಮೇಲೆ, 1970ರಿಂದ, ದೊಡ್ಡ ಲೀಗಾದ ಎನ್‌ಎಫ್‌ಎಲ್ ಕೂಡ ಅದನ್ನೇ ಮಾಡಿತು. ಕ್ರಿಕೆಟ್ಟಿಗೆ ಬಣ್ಣದ ಬಟ್ಟೆ ತೊಡಿಸಿದ್ದೂ ಟಿವಿ ಧಣಿಯೇ: ಎಪ್ಪತ್ತರ ದಶಕದ ಕೊನೆಗೆ ಆಸ್ಟ್ರೇಲಿಯಾದ ಕೆರಿ ಪ್ಯಾಕರ್. 1992ರ ವಿಶ್ವಕಪ್ಪಿನಲ್ಲಿ ಬಣ್ಣದ ಅಂಗಿ, ಬೆನ್ನ ಮೇಲೆ ಹೆಸರು. ಟೆಸ್ಟಿನ ಬಿಳಿ ಅಂಗಿಗೆ ಹೆಸರು, ನಂಬರು ಹತ್ತಿದ್ದು 2019ರಲ್ಲಿ.

ಬೆನ್ನ ಮೇಲಿನ ಹೆಸರಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಅದು ಆಡುವವನದೇ ಹೆಸರು. ತಕರಾರು ಎದೆಯದು. ತಮಾಷೆ ಅಂದರೆ, ಎಲ್ಲವನ್ನೂ ಮಾರುವ ಅಮೆರಿಕದಲ್ಲಿ ಎನ್‌ಎಫ್‌ಎಲ್ ಆಟಗಾರನ ಪಂದ್ಯದ ಅಂಗಿ ಮೇಲೆ ಇವತ್ತಿಗೂ ಪ್ರಾಯೋಜಕರ ಹೆಸರಿಲ್ಲ. ಅಂಗಿ ತಯಾರಿಸಿದ ಕಂಪನಿಯ ಸಣ್ಣ ಗುರುತು ಬಿಟ್ಟರೆ ಎದೆ ತಂಡದ್ದೇ.

ನಮ್ಮ ತಂಡದ ಎದೆಯ ಚರಿತ್ರೆ ಓದಿ ನೋಡಿ. ತೊಂಬತ್ತರ ದಶಕದಲ್ಲಿ ವಿಲ್ಸ್, ಸಿಗರೇಟಿನ ಹೆಸರು. 2001ರಿಂದ 2013ರವರೆಗೆ ಸಹಾರಾ. ಆ ಸಮೂಹದ ಎರಡು ಕಂಪನಿಗಳಿಗೆ ಹೂಡಿಕೆದಾರರ ದುಡ್ಡನ್ನು ಬಡ್ಡಿ ಸಮೇತ ಮರಳಿಸಿ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. 2019ರಿಂದ ನಮ್ಮ ಬೆಂಗಳೂರಿನದೇ ಬೈಜೂಸ್. ಬಾಕಿ ಹಣಕ್ಕಾಗಿ ಕ್ರಿಕೆಟ್ ಮಂಡಳಿಯೇ ಅದರ ವಿರುದ್ಧ ದಿವಾಳಿ ಅರ್ಜಿ ಹಾಕಬೇಕಾಯಿತು. ಆಮೇಲೆ ಡ್ರೀಮ್11, 2025ರ ಆಗಸ್ಟಿನಲ್ಲಿ ದುಡ್ಡಿನ ಆನ್‌ಲೈನ್ ಆಟ ನಿಷೇಧಿಸುವ ಕಾಯ್ದೆ ಬಂತು, ಆ ಹೆಸರೂ ಅಳಿಸಿತು. ಹುಡುಗರು ದೇವರ ಪಟದ ಪಕ್ಕ ಅಂಟಿಸಿಕೊಂಡ ಫೋಟೋಗಳಲ್ಲಿ ಇವೆಲ್ಲ ಇನ್ನೂ ಇವೆ.

ಹಾಗಂತ ಹಿಂದಿನ ಕಾಲ ಪವಿತ್ರ ಅನ್ನಲಾರೆ. ನಮ್ಮ ಕಡೆ ಕುಸ್ತಿಯ ಪೈಲ್ವಾನನ ಮೈಮೇಲೆ ಲಂಗೋಟಿ ಬಿಟ್ಟು ಏನೂ ಇರುತ್ತಿರಲಿಲ್ಲ, ಬರೆಯಲು ಜಾಗವೇ ಇಲ್ಲ. ಆದರೂ ಅವನಿಗೆ ಹಾಲು, ಬದಾಮಿ ಯಾರೋ ಕೊಡಬೇಕಿತ್ತು. ಕೊಲ್ಲಾಪುರದ ಶಾಹೂ ಮಹಾರಾಜರಂಥವರು ಕುಸ್ತಿಗೆ ಆಸರೆಯಾದರು. ಪೋಷಕರು ಆಗಲೂ ಇದ್ದರು, ಋಣವೂ ಇತ್ತು.

ಇನ್ನೊಂದು ಕಡೆ, 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್ ಆಟಗಾರರ ಅಂಗಿ ಮೇಲೆ ಕನ್ನಡ ಅಕ್ಷರದಲ್ಲಿ 'ನಂದಿನಿ' ಅಂತ ಕಂಡಾಗ ನಾನೇ ಹಿಗ್ಗಿ ಸ್ಕ್ರೀನ್‌ಶಾಟ್ ಕಳಿಸಿದ್ದೆ. ಆಗ ಅಂಗಿ ಮಾರಾಟವಾಯಿತು ಅಂತ ಅನ್ನಿಸಲೇ ಇಲ್ಲ. ಅಂದರೆ ಜಾಹೀರಾತು ಇರೋದೇ ತಪ್ಪು ಅಂತಲ್ಲ. ಹಾಗಾದರೆ ತಪ್ಪು ಎಲ್ಲಿ ಶುರುವಾಗುತ್ತದೆ?

ಸಣ್ಣವನಿದ್ದಾಗ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅವ್ವ ಒಂದೇ ಮಾತು ಅಂತಿದ್ದಳು: "ಎದಿ ಮುಟಗೊಂಡು ಹೇಳು." ಎದೆ ಅಂದರೆ ಸಾಕ್ಷಿ ಹೇಳುವ ಜಾಗ. ಅಲ್ಲಿ ಒಂದು ಹೆಸರು ಬರೆದುಕೊಂಡರೆ, ಬಾಯಿ ಬಿಡದೇ ಇದ್ದರೂ "ಇದು ಒಳ್ಳೇದು, ನನ್ನ ನಂಬ್ರಿ" ಅಂದಂತೆ. ನನಗೆ ತೋಚಿದ ಪರೀಕ್ಷೆ ಇಷ್ಟೇ: ಆ ಹೆಸರಿನವರ ಹತ್ತಿರ ನಮ್ಮ ಸ್ವಂತ ತಮ್ಮನನ್ನು ಕಳಿಸುತ್ತೀವಾ? ಹಾಲಿನ ಡೇರಿಗೆ ಕಳಿಸುತ್ತೇನೆ. ಸಾಲದ ಆಪಿಗೆ ಕಳಿಸಲಾರೆ.

ಆದರೆ ಪರೀಕ್ಷೆಯಲ್ಲಿ ಪಾಸಾಗದ ಹೆಸರನ್ನು ಬೇಡ ಅನ್ನಲು ಶಕ್ತಿಯೂ ಬೇಕು. ದಕ್ಷಿಣ ಆಫ್ರಿಕದ ಹಾಶಿಮ್ ಆಮ್ಲ ತಂಡದ ಅಂಗಿ ಮೇಲಿನ ಬಿಯರ್ ಹೆಸರು ತನಗೆ ಬೇಡ ಅಂದರು, ಅದಿಲ್ಲದ ಅಂಗಿ ತೊಟ್ಟೇ ಆಡಿದರು. ಅವರು ಆಮ್ಲ. ಹದಿನೈದು ಅಂಗಿಗೂ ಗತಿಯಿಲ್ಲದ ಹುಡುಗರಿಗೆ, ಮೂವತ್ತು ಟೀಶರ್ಟ್ ಇರುವ ನಾನು ನೀತಿ ಹೇಳುವುದು ಸುಲಭ.

ಇನ್ನೊಂದನ್ನು ತಮ್ಮನಿಗೆ ಹೇಳಿರಲಿಲ್ಲ. ಹಿಂದಿನ ಕಂಪನಿಯಲ್ಲಿ ನಮ್ಮ ಟೀಮು ಎರಡು ವರ್ಷ ಕೆಲಸ ಮಾಡಿದ್ದು ಇಂಥದ್ದೇ ಒಂದು ಸಾಲದ ಆಪಿಗೆ. ಆಪ್ ತೆಗೆಯುವುದನ್ನು ನಿಲ್ಲಿಸಿದವರಿಗೆ ಮತ್ತೆ ಆಸೆ ಹುಟ್ಟಿಸುವ ನೋಟಿಫಿಕೇಶನ್ ಯಾವ ಹೊತ್ತಿಗೆ ಹೋಗಬೇಕು ಅಂತ ಲೆಕ್ಕ ಹಾಕುವ ಕೋಡ್ ನಾನು ಬರೆದದ್ದು. ಸಂಬಳದ ಮೊದಲಿನ ವಾರ, ರಾತ್ರಿ ಊಟ ಆದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅದಕ್ಕೆ ಬೋನಸ್ಸೂ ಬಂತು. ನನ್ನ ಅಂಗಿ ಮೇಲೆ ಆ ಆಪಿನ ಹೆಸರು ಎಂದೂ ಇರಲಿಲ್ಲ. ಹುಡುಗರು ಹಾಕಿಕೊಂಡಿದ್ದರೆ ಊರೆಲ್ಲ ಕಾಣುತ್ತಿತ್ತು, ಯಾರಾದರೂ ನಿಲ್ಲಿಸಿ ಕೇಳಬಹುದಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಎದಿ ಮುಟಗೊಂಡು ಹೇಳಬೇಕು ಅಂದರೆ, ಅವರ ಅಂಗಿಗಿಂತ ನನ್ನ ಕೋಡೇ ಆ ಆಪಿಗೆ ಹೆಚ್ಚು ಗಿರಾಕಿ ತಂದಿರಬೇಕು.

ಮರುದಿನ ಫೋನ್ ಮಾಡಿ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಂಗಾರ ಅಂಗಿ ನೀನ ಕೊಡಸು" ಅಂದ. ಕೊಡಿಸಿದೆ. "ನಿನ್ನ ಹೆಸರು ಹಾಕ್ಸೋಣು?" ಅಂತ ಕೇಳಿದ. ಬೇಡ ಅಂದೆ. ಎದೆ ಮೇಲೆ ಮುನವಳ್ಳಿ ಬರೀಬೇಕೋ ಮನೋಳಿ ಬರೀಬೇಕೋ ಅಂತ ಹುಡುಗರಲ್ಲಿ ಎರಡು ದಿನ ಜಗಳ ನಡೆಯಿತು. ಕೊನೆಗೆ ಮನೋಳಿ ಗೆದ್ದಿತು.

ಟೂರ್ನಿಯಲ್ಲಿ ಎರಡನೇ ಪಂದ್ಯಕ್ಕೇ ಸೋತರು. ಫೋಟೋ ಕಳಿಸಿದ್ದಾರೆ, ಅಂಗಿ ಚಂದ ಕಾಣುತ್ತವೆ. ಕೆಳಗೆ ತಮ್ಮ ಬರೆದಿದ್ದ: "ಅಣ್ಣಾ, ಮುಂದಿನ ವರ್ಷ?" ಪ್ರತಿ ವರ್ಷ ನಾನೇ ಕೊಡಿಸಿದರೆ ನಾನೂ ಒಬ್ಬ ಧಣಿಯೇ ಆಗುತ್ತೇನೆ. ಕೊಡಿಸದಿದ್ದರೆ ಆ ಆಪಿನವನು ಕಾಯುತ್ತಲೇ ಇದ್ದಾನೆ. ಅವನಿಗೆ ಇನ್ನೂ ಉತ್ತರ ಬರೆದಿಲ್ಲ.