ಹುಟ್ಟಿಸಿದವನ ಹುಲ್ಲುಗಾವಲು

"ಹುಟ್ಟಿಸಿದ ದೇವರು ಹುಲ್ಲು ಮೇಯಿಸದೇ ಇರ್ತಾನೇನು?" ಕೊಪ್ಪಳ ಸೀಮೆಯಲ್ಲಿ ಈ ಗಾದೆ ಎರಡು ಬಗೆಯ ಬಾಯಿಂದ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾ ಕಡೆಯ ಒಕ್ಕಲು ಮನೆಗೆ ಬೀಗ ಜಡಿದು ಮಂಗಳೂರಿಗೋ ಗೋವೆಗೋ ಗುಳೆ ಹೊರಡುವಾಗ ಮನಸ್ಸು ಗಟ್ಟಿ ಮಾಡಿಕೊಳ್ಳಲು ಹೇಳಿಕೊಳ್ಳುವುದು ಒಂದು. ಕಣಜ ತುಂಬಿದವನು ಬಾಗಿಲಿಗೆ ಬಂದವನನ್ನು ಬರಿಗೈಲಿ ಸಾಗಹಾಕಲು ಹೇಳುವುದು ಇನ್ನೊಂದು. ಮೊದಲನೆಯದು ನಂಬಿಕೆ. ಎರಡನೆಯದು, ದೇವರ ಮೇಲೆ ಭಾರ ಹಾಕಿ ತಾನು ಜಾರಿಕೊಳ್ಳುವ ಉಪಾಯ. ದೇವರ ಔದಾರ್ಯವನ್ನು ಪುಟಪುಟಕ್ಕೂ ಕೊಂಡಾಡುವ ಕ್ರೈಸ್ತ ಧರ್ಮಗ್ರಂಥ ಈ ಎರಡನ್ನೂ ಬಲ್ಲದು, ಬೇರೆ ಬೇರೆಯಾಗಿ ಇಡುತ್ತದೆ.

ಆ ಗ್ರಂಥ ಈ ನಾಡಿಗೆ ಹೊಸತೇನಲ್ಲ. ಕುಷ್ಟಗಿಯ ನೆರೆಯ ಮುದಗಲ್ಲಿನಲ್ಲಿ 1557ರಷ್ಟು ಹಿಂದೆಯೇ ಕ್ರೈಸ್ತರ ಗುಡಿ ಇತ್ತೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ದಾಖಲಿಸಿದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು.

ಗಾದೆಯ ದೇವರು ಹುಲ್ಲು ಮೇಯಿಸುವವನು. ಇಪ್ಪತ್ತಮೂರನೆಯ ಕೀರ್ತನೆಯ ದೇವರೂ ಅವನೇ, ಕುರುಬ. ಇದರ ಸೊಗಸು ಕುರಿಗಾರರನ್ನು ಹತ್ತಿರದಿಂದ ಕಂಡ ಊರಿಗೆ ಬೇಗ ತಿಳಿಯುತ್ತದೆ. ಕುರಿಗಾರ ಮೇವನ್ನು ದೊಡ್ಡಿಗೆ ತಂದು ಸುರಿಯುವುದಿಲ್ಲ. ಹಿಂಡಿನ ಜತೆ ತಾನೂ ನಡೆಯುತ್ತಾನೆ, ಕೊಯ್ಲಾದ ಹೊಲ ಹುಡುಕುತ್ತಾನೆ, ನೀರಿನ ನೆಲೆ ನೆನಪಿಟ್ಟಿರುತ್ತಾನೆ, ರಾತ್ರಿ ತೋಳಕ್ಕೆ ಕಾವಲು ಕೂರುತ್ತಾನೆ. ಕೀರ್ತನೆಯಲ್ಲಿ ಹಸಿರು ಹುಲ್ಲುಗಾವಲಿನ ಬೆನ್ನಿಗೇ ಕಗ್ಗತ್ತಲ ಕಣಿವೆಯೂ ಬರುತ್ತದೆ. ಕಣಿವೆಯೇ ಇಲ್ಲದ ದಾರಿಯ ಮಾತನ್ನು ಕುರುಬ ಕೊಟ್ಟಿಲ್ಲ. ಜತೆಗೆ ಇರುತ್ತೇನೆ ಎಂಬುದೇ ಅವನು ಕೊಟ್ಟ ಮಾತು. ರಕ್ಷಣೆ ಎಂದರೆ ಕಷ್ಟವೇ ಬಾರದಿರುವುದು ಎಂದು ಸಾರುವ ಬೋಧಕರು ಈ ಕೀರ್ತನೆಯನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ.

ಯೇಸು ಬೆಟ್ಟದ ಮೇಲೆ ಕೂತು ಬಿತ್ತದ, ಕೊಯ್ಯದ ಹಕ್ಕಿಗಳನ್ನು ತೋರಿಸಿ, ನಾಳೆಯ ಚಿಂತೆ ಬಿಡಿ ಎಂದದ್ದು ಮತ್ತಾಯನ ಆರನೆಯ ಅಧ್ಯಾಯದಲ್ಲಿದೆ. ಅದಕ್ಕೆ ಎರಡೇ ಅಧ್ಯಾಯ ಹಿಂದೆ ಮೈ ಜುಮ್ಮೆನ್ನಿಸುವ ಘಟನೆಯೊಂದಿದೆ. ಸೈತಾನ ಅವನನ್ನು ದೇವಾಲಯದ ತುದಿಗೆ ಒಯ್ದು, ದೇವದೂತರು ಎತ್ತಿ ಹಿಡಿಯುತ್ತಾರೆ, ಧುಮುಕು ಎನ್ನುತ್ತಾನೆ. ಅದಕ್ಕೆ ಆಧಾರವಾಗಿ ಅವನು ಒಪ್ಪಿಸುವುದು ಭಕ್ತರ ಬಾಯಲ್ಲಿ ನಿತ್ಯ ಇರುವ ತೊಂಬತ್ತೊಂದನೆಯ ಕೀರ್ತನೆಯನ್ನೇ! ಯೇಸು ಧುಮುಕಲಿಲ್ಲ, ದೇವರನ್ನು ಪರೀಕ್ಷಿಸಕೂಡದು ಎಂದ. ಯೆರೂಸಲೇಮಿನ ಗೋಡೆ ಕಟ್ಟಿಸಿದ ನೆಹೆಮೀಯನೂ ಇದೇ ದಾರಿಯವನು. ಶತ್ರುಗಳ ಸುಳಿವು ಸಿಕ್ಕಾಗ ಆತ ಪ್ರಾರ್ಥಿಸಿದ, ಹಗಲಿರುಳು ಕಾವಲನ್ನೂ ಹಾಕಿದ.

ಕಾರಟಗಿ ತಾಲ್ಲೂಕಿನ ಸಿದ್ದಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಸುತ್ತಿನ ಭತ್ತದ ಗದ್ದೆಗಳು ಬದುಕಿರುವುದು ತುಂಗಭದ್ರಾ ಎಡದಂಡೆ ಕಾಲುವೆಯಿಂದ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಕೂಡಿಟ್ಟ ನೀರು ಹೊಳೆ ಪಾಲಾಯಿತು, ನಾಟಿ ಮಾಡಿದವರ ಎದೆ ಒಡೆಯಿತು. ದೇವರಿಗೆ ಮೊರೆಯಿಟ್ಟವರಿಗೆ ಲೆಕ್ಕವಿಲ್ಲ. ಅದೇ ವಾರ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲೇ ಜೀವ ಪಣಕ್ಕಿಟ್ಟು, ಹೋದ ಗೇಟಿನ ಜಾಗದಲ್ಲಿ ನೀರು ತಡೆಯುವ ತಾತ್ಕಾಲಿಕ ಸ್ಟಾಪ್ ಲಾಗ್ ಇಳಿಸಿದರು. ಮತ್ತೆ ಮಳೆಯಾಯಿತು, ಜಲಾಶಯ ತುಂಬಿತು. ಮಳೆ ಮಾತ್ರ ದೇವರ ಕೊಡುಗೆ, ಆ ಕೈಗಳ ಕೆಲಸ ಅಲ್ಲ ಎನ್ನುವುದು ಬಡ ದೇವತಾಶಾಸ್ತ್ರ.

ಆದರೂ ಗಾದೆಯ ಎದುರು ಒಂದು ಕಠಿಣ ಪ್ರಶ್ನೆ ನಿಂತೇ ಇದೆ. ಹಳಬರು ಧಾತು, ಈಶ್ವರ ಸಂವತ್ಸರಗಳ ಹೆಸರಿಂದ ನೆನೆಯುತ್ತಿದ್ದ 1876–78ರ ಬರದಲ್ಲಿ ಬಳ್ಳಾರಿ, ರಾಯಚೂರು, ಧಾರವಾಡ ಸೀಮೆಯ ಊರೂರೇ ಬರಿದಾದವು. ದಕ್ಷಿಣದಲ್ಲೆಲ್ಲ ಲಕ್ಷಾಂತರ ಜನ ಸತ್ತರು. ಅವರನ್ನೂ ಹುಟ್ಟಿಸಿದ್ದು ಅದೇ ದೇವರಲ್ಲವೇ? ಈ ಪ್ರಶ್ನೆಗೆ ಅವಸರದ ಉತ್ತರ ಕೊಡುವವರನ್ನು ನಂಬಬಾರದು. ಇಷ್ಟು ಮಾತ್ರ ಇತಿಹಾಸದಲ್ಲಿ ನಿಚ್ಚಳವಾಗಿದೆ: ಆ ವರ್ಷಗಳಲ್ಲೂ ಭಾರತದಿಂದ ಗೋಧಿ ಇಂಗ್ಲೆಂಡಿಗೆ ಹಡಗೇರುತ್ತಿತ್ತು. ಕಾಳು ಬೆಳೆದಿತ್ತು, ಹಸಿದವರ ತನಕ ಬರಲಿಲ್ಲ.

ಬರದ ಆ ದಶಕದಲ್ಲೇ ಬೆಂದವರು ಪಂಡಿತಾ ರಮಾಬಾಯಿ. 1858ರಲ್ಲಿ ಈಗಿನ ಕರ್ನಾಟಕದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಈ ಹೆಣ್ಣುಮಗಳು ಹಸಿವು ರೋಗಗಳಿಗೆ ತಂದೆ, ತಾಯಿ, ಅಕ್ಕನನ್ನು ಒಬ್ಬರ ಹಿಂದೊಬ್ಬರಂತೆ ಕಳೆದುಕೊಂಡರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1896–97ರಲ್ಲಿ ಮಧ್ಯಪ್ರಾಂತ್ಯಕ್ಕೆ ಬರ ಬಿದ್ದ ಸುದ್ದಿ ಕೇಳಿದಾಗ ಅವರ ಕೈಯಲ್ಲಿ ಹಣವಿರಲಿಲ್ಲ, ಹಸಿವಿನ ನೆನಪಿತ್ತು. ತಾವೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಬಳಿಯ ಕೇಡಗಾಂವಿನ ಅವರ 'ಮುಕ್ತಿ' ಆಶ್ರಮದಲ್ಲಿ ಮುಂದೆ ಎರಡು ಸಾವಿರದಷ್ಟು ಜನ ಉಣ್ಣುತ್ತಿದ್ದರು. ಬ್ರಿಸ್ಟಲ್ಲಿನಲ್ಲಿ ಯಾರ ಮುಂದೆಯೂ ಕೈಚಾಚದೆ, ಪ್ರಾರ್ಥನೆಯನ್ನೇ ನೆಚ್ಚಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರನ ಜೀವನ ಚರಿತ್ರೆ ಓದಿ, ನಮ್ಮಲ್ಲೂ ಹಾಗೆ ದೇವರನ್ನು ನಂಬಿ ನಡೆಯಬಾರದೇಕೆ ಎಂದುಕೊಂಡವರು ಆಕೆ. ಆ ನಂಬಿಕೆ ಮೊಣಕಾಲೂರುವುದರಲ್ಲಿ ಮುಗಿಯಲಿಲ್ಲ. ಆಶ್ರಮದಲ್ಲಿ ಬಾವಿಯಿತ್ತು, ಹೊಲವಿತ್ತು, ನೇಯ್ಗೆಯಿತ್ತು, ಮುದ್ರಣಾಲಯವಿತ್ತು. 'ಹುಲ್ಲು ಮೇಯಿಸದೇ ಇರ್ತಾನೇನು' ಎಂದು ಕೇಳುವ ಅಧಿಕಾರ ಯಾರಿಗಾದರೂ ಇದ್ದರೆ ಇಂಥವರಿಗೆ.

ಹೊಸ ಒಡಂಬಡಿಕೆಯ ಯಾಕೋಬ ತನ್ನ ಪತ್ರದಲ್ಲಿ ಗಾದೆಯ ಎರಡನೆಯ ಬಾಯಿಯನ್ನು ನೇರವಾಗಿ ಹಿಡಿಯುತ್ತಾನೆ: ಬಟ್ಟೆಯಿಲ್ಲದವನಿಗೆ, ಹಸಿದವನಿಗೆ ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು ಎಂದು ಹರಸಿ ಏನೂ ಕೊಡದೆ ಕಳಿಸಿದರೆ ಆ ನಂಬಿಕೆ ಸತ್ತದ್ದು. ನಾಳೆಗೆ ಅಂಜುವವನ ಮುಷ್ಟಿ ಬಿಗಿಯಾಗುತ್ತದೆ. ದೇವರು ಕೊಡುತ್ತಾನೆಂದು ನಿಜವಾಗಿ ನಂಬಿದವನಿಗೆ ಮುಷ್ಟಿ ಬಿಚ್ಚುವ ಧೈರ್ಯ ಬರುತ್ತದೆ. ಚಿಂತೆ ಬಿಡಿ ಎಂಬ ಮಾತನ್ನು ಲೂಕ ದಾಖಲಿಸಿದ್ದು ಹಳೆ ಕಣಜ ಕೆಡವಿ ದೊಡ್ಡದು ಕಟ್ಟಿಸಲು ಹೊರಟ ಸಾಹುಕಾರನ ಕತೆಯ ಬೆನ್ನಿಗೇ. ಮಿಜೋರಾಂನ ಪ್ರೆಸ್ಬಿಟೇರಿಯನ್ ಹೆಂಗಸರು ಇದನ್ನು ಅಡುಗೆಮನೆಗೇ ತಂದರು. ಒಲೆ ಹಚ್ಚಿದಾಗೆಲ್ಲ ಒಂದು ಹಿಡಿ ಅಕ್ಕಿ ಸಭೆಗೆಂದು ತೆಗೆದಿಡುವ ಪದ್ಧತಿ ಅಲ್ಲಿ 1910ರಿಂದ ನಡೆದು ಬಂದಿದೆ. ಅನ್ನವೇ ಕಡಿಮೆಯಿದ್ದ ಮನೆಗಳೂ ಹಿಡಿ ತೆಗೆದಿಟ್ಟವು.

ಮೋಶೆಯ ಕಾನೂನು ಹೊಲದವನಿಗೆ ಹೇಳಿದ್ದೂ ಇಂಥದ್ದೇ: ಮರೆತ ಸಿವುಡಿಗಾಗಿ ಹಿಂದಿರುಗಬೇಡ, ಅದು ಪರದೇಶಿಗೆ, ತಬ್ಬಲಿಗೆ, ವಿಧವೆಗೆ. ಬೆತ್ಲೆಹೇಮಿನಲ್ಲಿ ರೂತಳು ಹಕ್ಕಲಾಯ್ದು ಅತ್ತೆಯನ್ನು ಸಾಕಿದ್ದು ಈ ಕಟ್ಟಳೆಯ ನೆರಳಿನಲ್ಲಿ. ಸಿದ್ದಾಪುರದ ಗದ್ದೆಗಳಲ್ಲಿ ಈಗ ಕಟಾವು ಯಂತ್ರ ಓಡುತ್ತದೆ. ಕೊಯ್ದು, ಒಕ್ಕಿ, ಕಾಳನ್ನು ನೇರ ಟ್ರ್ಯಾಕ್ಟರಿಗೆ ತುಂಬುವ ಯಂತ್ರದ ಹಿಂದೆ ಆಯುವವರಿಗೆ ಹೆಚ್ಚೇನೂ ಉಳಿಯುವುದಿಲ್ಲ. ಹಾಗಾಗಿ ಅವರ ಪಾಲನ್ನು ಇನ್ನು ಮೂಟೆ ಕಟ್ಟುವ ಮೊದಲೇ, ಬೇಕೆಂದೇ ಬದಿಗಿಡಬೇಕಾಗಿದೆ.