ಮೂರನೇ ಒಂದಂಶ ಯಾರಿಗೆ?

"ನನ್ನ ಕಾಲಾನಂತರ ಇಷ್ಟು ಮಸೀದಿಗೆ, ಇಷ್ಟು ಅನಾಥಾಲಯಕ್ಕೆ" ಎಂದು ಬರೆದಿಡುವುದು ಪುಣ್ಯಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ದಾನದಲ್ಲಿ ಒಂದು ವೈಚಿತ್ರ್ಯವಿದೆ. ಬದುಕಿರುವಾಗ ಕೊಡುವವನ ಕೈ ಅಷ್ಟರ ಮಟ್ಟಿಗೆ ಬರಿದಾಗುತ್ತದೆ. ವಸಿಯ್ಯತ್ ಮಾಡುವವನು ಏನನ್ನೂ ಕಳೆದುಕೊಳ್ಳುವುದಿಲ್ಲ. ಕೊನೆಯುಸಿರಿನ ತನಕ ಎಲ್ಲವೂ ಅವನದೇ. ಹಾಗಾದರೆ ಅವನು ಕೊಡುತ್ತಿರುವುದು ಯಾರ ಸೊತ್ತನ್ನು?

ಯಾವ ದಾನ ಶ್ರೇಷ್ಠವೆಂದು ಕೇಳಿದವರಿಗೆ ಪ್ರವಾದಿವರ್ಯರು(ಸ) ನೀಡಿದ ಉತ್ತರದ ಸಾರ ಹೀಗಿದೆ: ಆರೋಗ್ಯವಿದ್ದು, ಹಣದ ಮೋಹವೂ ಬಡತನದ ಭಯವೂ ಇರುವಾಗ ಕೊಡುವುದೇ ಶ್ರೇಷ್ಠ. ಪ್ರಾಣ ಗಂಟಲಿಗೆ ಬಂದಾಗ ಅವನಿಗಿಷ್ಟು, ಇವನಿಗಿಷ್ಟು ಎಂದು ಹಂಚುವ ಹೊತ್ತಿಗೆ ಸೊತ್ತು ಬೇರೆಯವರ ಪಾಲಾಗಿ ಬಿಟ್ಟಿರುತ್ತದೆ.

ಆದರೂ ಇಸ್ಲಾಮ್ ಆ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ಮಕ್ಕಾದಲ್ಲಿ ತೀವ್ರ ಅಸ್ವಸ್ಥರಾಗಿದ್ದಾಗ ಪ್ರವಾದಿವರ್ಯರು(ಸ) ನೋಡಲು ಹೋದರು. ಸಅದ್‌ರು ಸ್ಥಿತಿವಂತರು, ಆಗ ಅವರಿಗಿದ್ದುದು ಒಬ್ಬಳೇ ಮಗಳು. ಮೂರನೇ ಎರಡಂಶ ದಾನ ಮಾಡಲೇ ಎಂದು ಕೇಳಿದರು. ಬೇಡವೆಂಬ ಉತ್ತರ ಬಂತು. ಅರ್ಧ? ಅದೂ ಬೇಡ. ಮೂರನೇ ಒಂದಂಶಕ್ಕೆ ಸಮ್ಮತಿ ಸಿಕ್ಕಿತು, ಅದೂ ಹೆಚ್ಚೇ ಆಯಿತೆಂಬ ಮಾತಿನೊಂದಿಗೆ. ವಾರಸುದಾರರು ಜನರ ಮುಂದೆ ಕೈಚಾಚುವಂತೆ ಬಿಟ್ಟು ಹೋಗುವುದಕ್ಕಿಂತ ಅವರನ್ನು ನೆಮ್ಮದಿಯಲ್ಲಿ ಬಿಟ್ಟು ಹೋಗುವುದು ಉತ್ತಮವೆಂಬುದು ಅದಕ್ಕೆ ನೀಡಿದ ಕಾರಣ. ಸಅದ್‌ರು ಗುಣಮುಖರಾದರು. ಮುಂದೆ ಕಾದಿಸಿಯ್ಯ ಯುದ್ಧದ ಸೇನಾನಿಯಾದರು, ಇನ್ನೂ ಹಲವು ಮಕ್ಕಳ ತಂದೆಯಾದರು. ತನ್ನ ವಾರಸುದಾರರು ಎಷ್ಟು ಮಂದಿ ಎಂಬುದು ಹಾಸಿಗೆ ಹಿಡಿದ ಮನುಷ್ಯನಿಗೂ ತಿಳಿದಿರುವುದಿಲ್ಲ!

ಮೂರನೇ ಒಂದಂಶವೆಂದರೆ ಒಟ್ಟು ಸೊತ್ತಿನದ್ದಲ್ಲ. ದಫನದ ಖರ್ಚು, ಆ ಬಳಿಕ ಸಾಲ, ಇವು ತೀರಿ ಉಳಿದುದರಲ್ಲಿ ಮಾತ್ರ. ಪತ್ನಿಗೆ ಕೊಡದೆ ಉಳಿಸಿಕೊಂಡ ಮಹ್ರ್ ಕೂಡಾ ಸಾಲವೇ. ಮದುವೆಯಾಗಿ ನಲ್ವತ್ತು ವರ್ಷವಾದರೂ ಮಹ್ರ್ ಕೊಡದವನು ಮದ್ರಸಾದ ಕಟ್ಟಡಕ್ಕೆ ಲಕ್ಷ ಬರೆದಿಟ್ಟರೆ ಅದನ್ನು ಉದಾರತೆ ಎನ್ನಲು ನನಗಂತೂ ಮನಸ್ಸಾಗುವುದಿಲ್ಲ. ಹೆಣ್ಣು ಮಕ್ಕಳ ಪಾಲು ಕಿರಿದಾಗಲೆಂದೇ ಬರೆಯುವ ದಾನಪತ್ರವೂ ಅದೇ ಜಾತಿಯದ್ದು. ಅನ್ನಿಸಾ ಅಧ್ಯಾಯದ 12ನೇ ವಚನ ವಸಿಯ್ಯತ್ ಯಾರಿಗೂ ಹಾನಿಯುಂಟು ಮಾಡಬಾರದೆಂದು ಎಚ್ಚರಿಸುತ್ತದೆ.

ಇನ್ನು, ಆ ಒಂದಂಶ ಯಾರಿಗೆ ಸಲ್ಲಬೇಕು? ಇಲ್ಲಿ ನಮ್ಮ ಮನೆಗಳೊಳಗೇ ಇರುವ ಒಂದು ಸಂಕಟವನ್ನು ಹೇಳಲೇಬೇಕು. ತಂದೆ ಬದುಕಿರುವಾಗಲೇ ಮಗ ತೀರಿಕೊಳ್ಳುತ್ತಾನೆ. ಸೊಸೆ, ಎರಡು ಎಳೆಯ ಮಕ್ಕಳು ಉಳಿಯುತ್ತಾರೆ. ಅಜ್ಜನಿಗೆ ಬೇರೆ ಗಂಡು ಮಕ್ಕಳಿದ್ದರೆ, ಅಜ್ಜನ ಮರಣಾನಂತರ ಈ ಮೊಮ್ಮಕ್ಕಳಿಗೆ ವಾರಸು ಸಿಗುವುದಿಲ್ಲ. ಇಸ್ಲಾಮ್ ಅನಾಥರನ್ನು ಕೈಬಿಟ್ಟಿತು ಎಂದು ಜನ ಆಡಿಕೊಳ್ಳುತ್ತಾರೆ. ಆದರೆ ವಾರಸುದಾರರಲ್ಲದ ಬಂಧುಗಳಿಗೇ ಅಲ್ಲವೇ ವಸಿಯ್ಯತ್ತಿನ ಬಾಗಿಲು ತೆರೆದಿರುವುದು? ಈಜಿಪ್ಟ್ 1946ರ ಕಾನೂನಿನ ಮೂಲಕ ಇಂತಹ ಮೊಮ್ಮಕ್ಕಳಿಗೆ ವಸಿಯ್ಯತ್ತನ್ನು ಕಡ್ಡಾಯಗೊಳಿಸಿತು. ಅಜ್ಜ ಬರೆಯದಿದ್ದರೂ ಬರೆದಂತೆಯೇ ಪರಿಗಣಿಸಲಾಗುತ್ತದೆ. ನಮ್ಮ ದೇಶದಲ್ಲಿ ಅಂತಹ ಕಾನೂನಿಲ್ಲ. ಆದ್ದರಿಂದ ಹೊಣೆ ಪೂರ್ತಿಯಾಗಿ ಅಜ್ಜನ ಮೇಲೆಯೇ ಬೀಳುತ್ತದೆ. ಮಸೀದಿಗೆ ಊರಿಡೀ ಚಂದಾ ಕೊಡಬಲ್ಲದು. ಈ ಮಕ್ಕಳ ಶಾಲಾ ಶುಲ್ಕದ ನೆನಪು ಊರಿಗಿರುವುದಿಲ್ಲ. ಅಮೃತಶಿಲೆಯ ಫಲಕದಲ್ಲಿ ಹೆಸರು ಬರುವುದಿಲ್ಲವೆಂಬುದೊಂದೇ ಈ ದಾನದ ಕೊರತೆ, ಅದು ಕೊರತೆಯೆಂದಾದರೆ!

ಹಝ್ರತ್ ಉಮರ್(ರ) ಖೈಬರ್‌ನ ತಮ್ಮ ಅಮೂಲ್ಯ ಭೂಮಿಯನ್ನು ವಕ್ಫ್ ಮಾಡಿದಾಗ ಬಡವರು, ಪ್ರಯಾಣಿಕರು, ಅತಿಥಿಗಳ ಜೊತೆಗೆ ಬಂಧುಗಳನ್ನೂ ಫಲಾನುಭವಿಗಳಾಗಿ ಸೇರಿಸಿದ್ದರು. ಬಂಧುವಿಗೆ ಕೊಟ್ಟದ್ದು ದಾನವಲ್ಲವೆಂಬ ಭಾವನೆ ನಮ್ಮಲ್ಲಿ ಎಲ್ಲಿಂದ ಬಂತೋ!

ಮುಸ್ಲಿಮರ ಬಾಯ್ಮಾತಿನ ವಸಿಯ್ಯತ್ತೂ ಭಾರತದಲ್ಲಿ ಸಿಂಧುವೇ. ಆದರೆ ಅದನ್ನು ಸಾಬೀತುಪಡಿಸುವುದು ಕಷ್ಟ. ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಬರೆದಿಡುವುದು ಕ್ಷೇಮ. ಬರೆದವನು ಬದುಕಿರುವ ತನಕ ಅದನ್ನು ಬದಲಿಸಬಹುದು. ಮನೆಯಲ್ಲೊಂದು ಮರಣವೋ ಜನನವೋ ಆದಾಗ ಆ ಹಾಳೆಯನ್ನು ಹೊರತೆಗೆದು ಮತ್ತೊಮ್ಮೆ ಓದಬೇಕು. ಹತ್ತು ವರ್ಷಗಳ ಹಿಂದೆ ಅದನ್ನು ಬರೆದಾಗ ಆ ಮಕ್ಕಳು ಅನಾಥರಾಗಿರಲಿಲ್ಲ.