ಮಿಸ್ ಮನೆಗೆ ಬಂದ ಮೇಲೆ

ನನ್ನ ಮೊಮ್ಮಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ನನ್ನ ಮಗಳ ಮನೆಗೆ ಬಂದ ಹೆಣ್ಣುಮಗಳು ಮೊದಲ ದಿನವೇ ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ಕು ತೆಗೆದಳು. ಸ್ಕೇಲಿಟ್ಟು ಗೆರೆ ಎಳೆದು ಹಾಲು, ಊಟ, ನಿದ್ದೆ, ಉಚ್ಚೆ-ಕಕ್ಕ, ವಿಶೇಷ ಎಂದು ಐದು ಮನೆ ಮಾಡಿದಳು. ಅದಕ್ಕೂ ಮುಂಚೆ ಆರು ವರ್ಷ ಅವಳು ಬೆಂಗಳೂರಿನ ಒಂದು ಡೇ ಕೇರ್‌ನಲ್ಲಿದ್ದಳು. ಅಲ್ಲಿ ಪ್ರತಿ ಮಗುವಿನದೂ ಹೀಗೆ ಬರೆದಿಟ್ಟು, ಸಂಜೆ ಬಾಗಿಲಲ್ಲಿ ತಾಯಿಗೆ ಓದಿ ಹೇಳಿ, ಆಮೇಲೆ ಮಗುವನ್ನು ಕೈಗೆ ಕೊಡುತ್ತಿದ್ದರಂತೆ. "ಇರೋದು ಒಂದೇ ಕೂಸು, ಬಾಯಲ್ಲಿ ಹೇಳಿದ್ರೆ ಸಾಕಲ್ಲಮ್ಮ" ಅಂದೆ. "ಬರೆದಿದ್ರೆ ನಂಗೊಂದು ಧೈರ್ಯ" ಅಂದಳು. ಆ ಮಾತು ನನ್ನ ತಲೆಗೆ ಇಳಿಯಲು ತಿಂಗಳುಗಳೇ ಬೇಕಾದವು.

ಮಗಳ ಹೆರಿಗೆ ರಜೆ ಆಗಷ್ಟೇ ಮುಗಿದಿತ್ತು. ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿಯಿಂದ 12 ವಾರದ ರಜೆ 26 ವಾರವಾಗಿತ್ತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದೂ ಅದೇ ತಿದ್ದುಪಡಿ ಹೇಳಿತ್ತು. ಅವಳ ಕಚೇರಿಯವರು ಒಂದು ಕೇಂದ್ರದ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ಆದರೆ ಆರು ತಿಂಗಳ ಕೂಸನ್ನು ಎತ್ತಿಕೊಂಡು ದಿನಾ ಈ ಊರಿನ ಟ್ರಾಫಿಕ್‌ನಲ್ಲಿ ಹೋಗಿಬರುವುದು ಹೇಗೆ? ಹಾಗಾಗಿ ಮನೆಗೇ ಒಬ್ಬರನ್ನು ಕರೆದೆವು.

ಅವಳು ಬಂದದ್ದು ಸಂಬಳ ಸ್ವಲ್ಪ ಹೆಚ್ಚೆಂದು. ಅದನ್ನು ಮುಚ್ಚಿಡಲಿಲ್ಲ. ಇನ್ನೊಂದು ಕಾರಣವನ್ನು ಎಷ್ಟೋ ದಿನದ ಮೇಲೆ ಹೇಳಿದಳು. "ಅಲ್ಲಿ ನನ್ನ ಪಾಲಿಗೆ ಹತ್ತು ಮಕ್ಕಳಮ್ಮ. ಒಂದನ್ನ ಎತ್ಕೊಂಡ್ರೆ ಒಂಬತ್ತು ಮುಖ ನೋಡ್ತವೆ. ಅಳೋ ಮಗು ಹತ್ರ ಹೋಗ್ತೀವಿ. ಸುಮ್ನೆ ಕೂತಿರೋ ಮಗೂಗೆ ಏನಾಗಿದೆ ಅಂತ ನೋಡೋಕೆ ಆಗಲ್ಲ." ಇಲ್ಲಿ ನಮ್ಮ ಕೂಸು ರಾಗಿ ಸರಿಯ ಬಟ್ಟಲಿಗೆ ಕೈಯದ್ದಿ, ಮೂಗಿಗೂ ಕಿವಿಗೂ ಬಳಿದುಕೊಂಡು, ಮುಕ್ಕಾಲು ಗಂಟೆ ಊಟ ಮಾಡುತ್ತಿದ್ದರೆ ಅವಳು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದಳು. ಅವಸರವೇ ಇಲ್ಲ. ಅವಳ ಮುಖದಲ್ಲಿ ಆಗ ಕಾಣುತ್ತಿದ್ದ ನೆಮ್ಮದಿಯನ್ನು ನಾನು ನನ್ನ ಮಕ್ಕಳನ್ನು ಸಾಕುವಾಗ ಪಟ್ಟ ನೆನಪಿಲ್ಲ.

ಅವಳು ಕಳೆದುಕೊಂಡದ್ದು ನಿಧಾನವಾಗಿ ಗೊತ್ತಾಯಿತು. ಸೊಂಟ ಹಿಡಿದುಕೊಂಡಾಗ "ನೀನು ಕೂತ್ಕೊ, ಐದು ನಿಮಿಷ ನಾನು ನೋಡ್ತೀನಿ" ಅನ್ನುವ ಜೊತೆಗಾತಿ ಇಲ್ಲಿಲ್ಲ. ಹನ್ನೊಂದು ಗಂಟೆಯ ಚಹಾ ಇದೆ, ಕುಡಿಯುತ್ತಾ ಮಾತಾಡಲು ಯಾರೂ ಇಲ್ಲ. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಮಿಸ್. ಇಲ್ಲಿ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವರು ಮೇಡ್ ಎಂದು ನಮೂದಿಸಿಕೊಂಡರು. ನೆಂಟರು ಆಯಾ ಅಂದರು. "ಹೇಗೂ ಮನೇಲೇ ಇರ್ತೀಯಲ್ಲ" ಎಂಬ ಮಾತು ಶುರುವಾದದ್ದು ನನ್ನಿಂದಲೇ. ಕೂಸು ಮಲಗಿದಾಗ ಸೊಪ್ಪು ಸೋಸಿಕೊಡು ಅಂದೆ. ಆಮೇಲೆ ಒಣಗಿದ ಬಟ್ಟೆ ಬಂತು. ಆಮೇಲೆ ಹಬ್ಬಕ್ಕೆ ಶೆಲ್ಫ್ ಒರೆಸುವುದು. ಅವಳು ಇಲ್ಲ ಅನ್ನಲಿಲ್ಲ. ಕೂಸು ಮಲಗುವ ಆ ಒಂದೂವರೆ ಗಂಟೆಯೇ ಅವಳು ಕಾಲು ಚಾಚುವ ಹೊತ್ತು ಎಂದು ನನಗೆ ಹೊಳೆಯಲೂ ಇಲ್ಲ.

ಒಂದು ದಿನ ಮಗು ಸೋಫಾದ ಅಂಚಿಗೆ ಬಡಿದುಕೊಂಡಿತು. ಹಣೆಯಲ್ಲಿ ಬೋರೆ. ಅವಳು ಆಗಲೇ ಫೋನು ಮಾಡಿ ತಿಳಿಸಿದ್ದಳು. ನೋಟ್‌ಬುಕ್ಕಿನಲ್ಲಿ ಬಿದ್ದ ಹೊತ್ತು, ಐಸ್ ಇಟ್ಟದ್ದು, ಎಷ್ಟು ಹೊತ್ತು ಅತ್ತಿತು, ಯಾವಾಗ ಆಟಕ್ಕೆ ಹೋಯಿತು ಎಲ್ಲವೂ ಇತ್ತು. ಮಗಳು, ಅಳಿಯ ಬಂದವರೇ ಮೊದಲು ಕ್ಯಾಮೆರಾ ನೋಡಿದರು. ಪುಸ್ತಕ ತೆರೆದದ್ದು ಆಮೇಲೆ. ಹಾಲ್‌ನಲ್ಲಿ ಕ್ಯಾಮೆರಾ ಇರುವುದನ್ನು ನಾವು ಅವಳಿಗೆ ಹೇಳಿರಲೇ ಇಲ್ಲ. ಮರುದಿನ ಅವಳು ಹೇಳಿದ್ದು ಇಷ್ಟೇ: "ಡೇ ಕೇರ್‌ನಲ್ಲೂ ಕ್ಯಾಮೆರಾ ಇತ್ತು. ಸೇರಿಸ್ಕೊಳ್ಳುವಾಗ್ಲೇ ತೋರಿಸಿದ್ರು. ನೀವೂ ಹೇಳಿದ್ರೆ ಆಗೋದು." ಅಲ್ಲಿ ಮಗು ಬಿದ್ದರೆ ಕಂಡವರು ಇನ್ನಿಬ್ಬರಾದರೂ ಇರುತ್ತಿದ್ದರು. ಇಲ್ಲಿ ಅವಳ ಪರವಾಗಿ ಮಾತಾಡಲು ಇದ್ದದ್ದು ಆ ನೋಟ್‌ಬುಕ್ಕು ಒಂದೇ. ಅವಳು ಧೈರ್ಯ ಅಂದದ್ದು ಇದಕ್ಕೆ.

ಆ ರಾತ್ರಿ ಮಗಳು ಒಂದು ಹಾಳೆಯಲ್ಲಿ ಬರೆದಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು. ಭಾನುವಾರ ರಜೆ, ತಿಂಗಳಿಗೆ ಎರಡು ದಿನ ಸಂಬಳ ಸಹಿತ ರಜೆ. ನಾವು ಊರಿಗೆ ಹೋದರೂ ಸಂಬಳ ಹಿಡಿಯುವಂತಿಲ್ಲ. ಮಗುವಿನದಲ್ಲದ ಕೆಲಸ ಇಲ್ಲ. ಇಬ್ಬರೂ ಸಹಿ ಹಾಕಿದರು. ಇಷ್ಟನ್ನು ನಾವಾಗಿ ಬರೆಯದಿದ್ದರೆ ಅವಳಿಗಾಗಿ ಬರೆಯುವವರು ಯಾರು? ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲೇ ಗೊತ್ತುಮಾಡಿತು, ನಿಜ. ಮನೆಗೆಲಸವೂ ಘನತೆಯ ಉದ್ಯೋಗವೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಒಪ್ಪಂದ ತಂದಾಗ ಭಾರತ ಅದರ ಪರವಾಗಿ ಮತ ಹಾಕಿತು, ಆದರೆ ಅದನ್ನು ಅನುಮೋದಿಸಲಿಲ್ಲ. ನನ್ನ ಮಗಳಿಗೆ ಸಿಕ್ಕ 26 ವಾರ, ಆ ಮಗಳು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುವಂತೆ ಮಾಡಿದವಳ ಲೆಕ್ಕಕ್ಕೆ ಬರುವುದಿಲ್ಲ. ಈ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ.

ಈ ಜೂನ್‌ಗೆ ಮೊಮ್ಮಗಳು ಶಾಲೆಗೆ ಸೇರುತ್ತಾಳೆ. ಡೇ ಕೇರ್‌ನಲ್ಲಿ ಒಂದು ಮಗು ಹೋದರೆ ಇನ್ನೊಂದು ಬರುತ್ತಿತ್ತು, ಮಿಸ್ ಅಲ್ಲೇ ಇರುತ್ತಿದ್ದಳು. ಇಲ್ಲಿ ಮಗು ಬೆಳೆದಷ್ಟೂ ಅವಳ ಕೆಲಸ ಮುಗಿಯುತ್ತಾ ಬರುತ್ತದೆ. ಇಂಥ ಅಗಲಿಕೆ ಮಗುವಿಗೂ ಸುಲಭವಲ್ಲ. ಮಕ್ಕಳ ಮತ್ತು ಪೋಷಕರ ನಡುವಿನ ನಂಟಿನ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಜಾನ್ ಬೌಲ್ಬಿ 1907ರಲ್ಲಿ ಲಂಡನ್ನಿನ ಒಂದು ಸ್ಥಿತಿವಂತ ಮನೆಯಲ್ಲಿ ಹುಟ್ಟಿದವರು. ತಾಯಿ ದಿನಕ್ಕೆ ಒಂದು ಗಂಟೆ ಸಿಗುತ್ತಿದ್ದರು. ಉಳಿದದ್ದೆಲ್ಲ ಮಿನ್ನಿ ಎಂಬ ದಾದಿಯ ಮಡಿಲು. ಅವರಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಮಿನ್ನಿ ಕೆಲಸ ಬಿಟ್ಟು ಹೋದಳು. ತಾಯಿಯನ್ನೇ ಕಳೆದುಕೊಂಡಂತಾಯಿತೆಂದು ಅವರು ವಯಸ್ಸಾದ ಮೇಲೂ ನೆನೆಯುತ್ತಿದ್ದರು. ಮಿನ್ನಿಗೆ ಹೇಗಾಗಿರಬಹುದೆಂದು ನಾನು ಯೋಚಿಸುತ್ತೇನೆ.

ಹಾಗಾಗಿ ಹೇಳದೆ ಕೇಳದೆ ಕಳಿಸುವುದು ಬೇಡವೆಂದು ಮಾತಾಡಿಕೊಂಡಿದ್ದೇವೆ. ಜೂನ್ ಪೂರ್ತಿ ಅವಳೇ ಶಾಲೆಗೆ ಬಿಟ್ಟು ಕರೆತರುತ್ತಾಳೆ. ಜುಲೈನಲ್ಲಿ ಮಧ್ಯಾಹ್ನ ಮಾತ್ರ, ಆದರೆ ಸಂಬಳ ಪೂರ್ತಿ. ಆಗಸ್ಟ್‌ನಿಂದ ಪಕ್ಕದ ಬೀದಿಯ ಒಂದು ಮನೆಯಲ್ಲಿ ಐದು ತಿಂಗಳ ಕೂಸು. ಆ ಮನೆಯವರಿಗೆ ಮಗಳು ತಾನೇ ಹೋಗಿ ನಮ್ಮ ಹಾಳೆಯ ನಕಲು ಕೊಟ್ಟುಬಂದಳು. ಮಿಸ್ ಇನ್ನೊಂದು ಕೂಸಿನ ಮನೆಗೆ ಹೋಗುತ್ತಾಳೆಂದು ಮೊಮ್ಮಗಳಿಗೂ ದಿನಾ ಹೇಳುತ್ತಿದ್ದೇವೆ. ಅವಳು ಮಿಸ್ ಅನ್ನಲು ಬಾರದೆ ಮಿಚ್ಚು ಎಂದು ಕರೆಯುತ್ತಾಳೆ.

ಈಗ ಐದನೇ ನೋಟ್‌ಬುಕ್ಕು ನಡೆಯುತ್ತಿದೆ. ನಿನ್ನೆ ಸಂಜೆ ಅವಳು ಹೋದ ಮೇಲೆ ತೆರೆದು ನೋಡಿದೆ. ಊಟ: ಅನ್ನ, ಬೇಳೆಸಾರು, ತುಪ್ಪ, ಪೂರ್ತಿ ತಿಂದಳು. ನಿದ್ದೆ: ಒಂದೂಕಾಲರಿಂದ ಎರಡೂ ಮುಕ್ಕಾಲು. ವಿಶೇಷ: ನನ್ನ ಚಪ್ಪಲಿ ಬಚ್ಚಿಟ್ಟಿದ್ದಳು. ಹುಡುಕಿ ಹಾಕಿಕೊಳ್ಳಲು ಹತ್ತು ನಿಮಿಷ ಆಯಿತು. ಆರೂ ಹತ್ತಕ್ಕೆ ಅಜ್ಜಿಯ ಕೈಗೆ ಕೊಟ್ಟೆ.